ಜಾಕ್ಯಾನ ಹಗ್ಗ

ಪರ್ವತಿ ಗುಡ್ಡದ ಮೆಟ್ಟಿಲು ಹತ್ತುವಾಗ ಮೊದಲು ಕೂತವಳು ವೇಣು, ನಾನಲ್ಲ. ಅದಕ್ಕೇ ನನಗೆ ನಗು ಬಂತು. ಗಂಡ ಹೆಂಡತಿ ಇಬ್ಬರಲ್ಲಿ ಮೈಗಳ್ಳ ನಾನು. ಕ್ಯಾಂಪಿನ ಸರಕಾರಿ ಆಫೀಸಿನಲ್ಲಿ ಹತ್ತು ವರ್ಷ ಕುರ್ಚಿ ಸವೆಸಿದ ಕಾರಕೂನ. ಸದಾಶಿವ ಪೇಠೆಯಲ್ಲಿ ನಾವು ಬಾಡಿಗೆಗಿದ್ದ ವಾಡೆಯಿಂದ ಆಫೀಸಿನ ತನಕ ಸೈಕಲ್ ತುಳಿಯುವುದನ್ನೇ ದೊಡ್ಡ ಪರಾಕ್ರಮ ಎಂದುಕೊಂಡವನು. ವೇಣು ದಿನಾ ಸಂಜೆ ನಾಯಿ ಕರೆದುಕೊಂಡು ಪರ್ವತಿ ಹತ್ತಿ ಇಳಿದು ಬಂದು, ಆಮೇಲೆ ಅಡಿಗೆಗೆ ನಿಲ್ಲುವವಳು. ರವಿವಾರ ಮಾತ್ರ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದಳು.

"ಏನ ರಾಣಿಯವರ, ಸಾಕಾತೇನು?" ಎಂದೆ.

ಅವಳು ಕೈಯಿಂದ ಕಲ್ಲು ಬಿಗಿಯಾಗಿ ಹಿಡಿದಿದ್ದಳು. ತುಟಿ ನೇರಳೆ ಹಣ್ಣು ತಿಂದವರ ತುಟಿಯ ಹಾಗೆ ಆಗಿತ್ತು. ನಮ್ಮ ನಾಯಿ ಜಾಕ್ಯಾ ಹತ್ತು ಮೆಟ್ಟಿಲು ಮೇಲೆ ಹೋದ. ತಿರುಗಿ ನೋಡಿದ. ಇಳಿದು ಬಂದು ಅವಳ ಮೊಣಕಾಲಿಗೆ ಮೂಗು ಒತ್ತಿದ. ಮತ್ತೆ ಮೇಲೆ ಹೋದ, ಮತ್ತೆ ಬಂದ.

ಅವತ್ತು ನಾವು ತುದಿ ಮುಟ್ಟಲಿಲ್ಲ.

ಡಾಕ್ಟರು ಅವಳ ಎದೆಗೆ ಸ್ಟೆಥಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಸಣ್ಣವಳಿದ್ದಾಗ ಕೀಲು ಬಾತು ಜ್ವರ ಬಂದಿತ್ತೇ ಎಂದು ಮರಾಠಿಯಲ್ಲಿ ವಿಚಾರಿಸಿದರು. ಬಂದಿತ್ತು. ಧಾರವಾಡದಲ್ಲಿ, ಹನ್ನೊಂದನೇ ವರ್ಷಕ್ಕೆ. ತಿಂಗಳುಗಟ್ಟಲೆ ಮಲಗಿದ್ದಳಂತೆ. ಆಮೇಲೆ ಎದ್ದು ಓಡಾಡಿದಳು, ಎಲ್ಲರೂ ಮರೆತರು. ಹಾರ್ಟ್ ಮಾತ್ರ ಮರೆತಿರಲಿಲ್ಲ. ಮೈಟ್ರಲ್ ವಾಲ್ವ್ ಎಂದರು ಡಾಕ್ಟರು. ಬಾಗಿಲು ಪೂರ್ತಿ ತೆರೆಯುವುದಿಲ್ಲ ಎಂದು ಎರಡು ಬೆರಳು ಜೋಡಿಸಿ ತೋರಿಸಿದರು. ಆಪರೇಷನ್ ಇಲ್ಲ. ಡಿಜಿಟ್ಯಾಲಿಸ್ ಹನಿ, ಉಪ್ಪಿಲ್ಲದ ಊಟ, ಬೆಡ್ ರೆಸ್ಟ್. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ ಎಂದಾಗ, "ಅದೇ ಛಲೋ ಆಯಿತು, ಇಲ್ಲದಿದ್ದರೆ ಬಾಣಂತನ ದಾಟುತ್ತಿರಲಿಲ್ಲ" ಎಂದುಬಿಟ್ಟರು. ವೇಣು ಕಿಟಕಿಯ ಕಡೆ ನೋಡಿದಳು. ಪ್ರಿಸ್ಕ್ರಿಪ್ಷನ್ ಬರೆಯುತ್ತ, ತಲೆ ಎತ್ತದೆ, ಡಾಕ್ಟರು ಇನ್ನೊಂದು ಮಾತು ಹೇಳಿದರು. ಮೆಟ್ಟಿಲು ಹತ್ತಬಾರದು. ಇನ್ನು ಎಂದೂ.

ಇನ್ನು ಎಂದೂ.

ಜಾಕ್ಯಾನ ವಿಷಯ ಹೇಳಬೇಕು. ಬಿಳೀ ಮೈ, ಒಂದು ಕಿವಿ ಕಪ್ಪು, ಗಿಡ್ಡ ಕಾಲಿನ ಟೆರಿಯರ್. ನಮ್ಮ ಆಫೀಸಿನ ಸಾಹೇಬರದು. ಅವರು ವಿಲಾಯತಿಗೆ ಹೊರಟಾಗ ನಾಯಿಯನ್ನು ಯಾರಿಗೆ ಕೊಡಲಿ ಎಂದು ಸುತ್ತ ನೋಡಿದರು. ಉಳಿದವರೆಲ್ಲ ಜಾಣರು, ಫೈಲಿನಲ್ಲಿ ತಲೆ ಹುದುಗಿಸಿದರು. ನಾನು ಮಾತ್ರ ಎದುರು ಸಿಕ್ಕೆ. ಸಾಹೇಬರ ಎದುರು 'ಒಲ್ಲೆ' ಎನ್ನುವ ಧೈರ್ಯ ನನಗೆಲ್ಲಿಂದ ಬರಬೇಕು? ಅವರು ಹಗ್ಗ ನನ್ನ ಕೈಗೆ ಕೊಟ್ಟು ಒಂದೇ ಮಾತು ಹೇಳಿದರು: ಈ ನಾಯಿಯ ಮೈಯೂ ದಣಿಯಬೇಕು, ತಲೆಯೂ ದಣಿಯಬೇಕು. ಸುಮ್ಮನೆ ಕೂಡಿಸಿದರೆ ಕೆಟ್ಟುಹೋಗುತ್ತದೆ.

ಅವ್ವ ಬಾಗಿಲಲ್ಲೇ ತಡೆದಳು. ಮಡಿ ಹೆಂಗಸು. "ನಾಯಿ ಮನ್ಯಾಗ? ನಿನಗ ತಲಿ ಕೆಟ್ಟದೇನೋ?" ವೇಣು ನಡುವೆ ಬಂದು ಒಪ್ಪಂದ ಮಾಡಿಸಿದಳು. ಹೊರಗಿನಿಂದ ಬಂದಾಗಲೆಲ್ಲ ಹೊಸ್ತಿಲಲ್ಲಿ ತಂಬಿಗೆ ನೀರಿನಿಂದ ನಾಯಿಯ ನಾಲ್ಕೂ ಕಾಲು ತೊಳೆಯಬೇಕು. ಅಡಿಗೆಮನೆಯ ಹೊಸ್ತಿಲು ಅದು ದಾಟಬಾರದು. ಹಗ್ಗ ಬಾಗಿಲ ಪಕ್ಕದ ಗೂಟಕ್ಕೆ. ಇಷ್ಟಾದ ಮೇಲೆ ಜಾಕ್ ಹೋಗಿ ಜಾಕ್ಯಾ ಆದ, ವೇಣುವಿನ ಬೆನ್ನು ಬಿಡದ ಬಾಲವಾದ.

ಡಾಕ್ಟರು ರೆಸ್ಟ್ ಹೇಳಿದ್ದು ವೇಣುಗೆ. ನಾವು ಅದನ್ನು ಇಡೀ ಮನೆಗೆ ಹಚ್ಚಿದೆವು. ನಮ್ಮ ಮಂದಿಯ ರೀತಿಯೇ ಹಾಗೆ. ಒಬ್ಬರು ಹಾಸಿಗೆ ಹಿಡಿದರೆ ಉಳಿದವರು ಮಾತು ಇಳಿಸಬೇಕು, ನಗಬಾರದು, ಒಗ್ಗರಣೆಯ ಸಪ್ಪಳವೂ ಆಗಬಾರದು. ಅವ್ವ ಬೆಳಗಿನ ಹಾಡು ನಿಲ್ಲಿಸಿದಳು. ನಾನು ಅಂಗಳದಲ್ಲಿ ಸೈಕಲ್ ಗಂಟೆ ಬಾರಿಸುವುದು ಬಿಟ್ಟೆ. ಜಾಕ್ಯಾನನ್ನು ಅಂಗಳದ ಕಂಬಕ್ಕೆ ಕಟ್ಟಿದೆವು. ಇದನ್ನು ನಾನು ಸೇವೆ ಎಂದೇ ತಿಳಿದಿದ್ದೆ.

ಎಂಟೊಂಬತ್ತು ದಿನ ಕಳೆದಿರಬೇಕು. ಹೊರಸಿನ ಮೇಲೆ ದಿಂಬಿಗೆ ಒರಗಿ ಕೂತಿದ್ದ ವೇಣು ಕಿಟಕಿಯಿಂದ ಅಂಗಳ ನೋಡುತ್ತಿದ್ದವಳು ಕರೆದಳು.

"ಏನ್ರಿ, ಇಲ್ಲಿ ಬರ್ರಿ. ಅದರ ಮುಂಗಾಲು ನೋಡ್ರಿ."

ನೋಡಿದೆ. ನೆಕ್ಕಿ ನೆಕ್ಕಿ ಕೂದಲು ಹೋಗಿ ತೊಗಲು ಕೆಂಪಾಗಿತ್ತು. ಒಂದು ಕಡೆ ರಕ್ತ ಒಸರುತ್ತಿತ್ತು. ನಾವು ನೋಡುತ್ತಿದ್ದರೂ ಅದು ನೆಕ್ಕುವುದು ಬಿಡಲಿಲ್ಲ.

"ಜಡ್ಡು ಆಗಿದ್ದು ನನಗ. ಅದಕ್ಕ್ಯಾಕ್ರಿ ಶಿಕ್ಷಾ?"

ಹಾಗೆಂದು ಅತ್ತುಬಿಟ್ಟಳು. ತನ್ನ ರೋಗ ಕೇಳಿದಾಗ ಅಳದವಳು ನಾಯಿಯ ಕಾಲು ನೋಡಿ ಅತ್ತಳು. ನನಗೂ ಅಳು ಬಂತು. ಅದನ್ನು ಮುಚ್ಚಿಕೊಳ್ಳಲು ಅವಳನ್ನೇ ಬೈದೆ. ಅಳಬಾರದು ಅಂತ ಡಾಕ್ಟರು ಹೇಳಿದ್ದು ಮರೆತಿಯೇನು ಎಂದು.

ಮರುದಿನದಿಂದ ಅವಳೇ ಟೈಮ್ ಟೇಬಲ್ ಹಾಕಿದಳು. ತಲೆ ದಣಿಸುವ ಕೆಲಸ ಅವಳದು, ಮೈ ದಣಿಸುವುದು ನನ್ನದು.

ಅವಳ ಪಾಲಿನ ಕೆಲಸ ನೋಡುವ ಹಾಗಿತ್ತು. ಹೊರಸಿನಿಂದ ಇಳಿಯದೆ ಅವಳು ಆ ನಾಯಿಗೆ ಸಾಲಿ ಕಲಿಸಿದಳು. ಮೂರು ಬಟ್ಟಲು ಬೋರಲು ಹಾಕಿ ಒಂದರ ಕೆಳಗೆ ಭಕ್ಕರಿಯ ತುಂಡು ಅಡಗಿಸುವ ಆಟ ಮೊದಲು. ಹಿತ್ತಾಳೆ ಬಟ್ಟಲಿಗೆ ನಾಯಿ ಮೂಗು ಹಚ್ಚಿದ್ದು ಕಂಡು ಅವ್ವ "ಶಿವ ಶಿವಾ" ಎಂದು ಕಿರುಚಿದ ಮೇಲೆ ಬಟ್ಟಲು ಹೋಗಿ ತೆಂಗಿನ ಚಿಪ್ಪಿನ ಪರಟಿ ಬಂದವು. ತುಂಡು ಸಿಕ್ಕ ಕೂಡಲೇ ಜಾಕ್ಯಾ ಪರಟಿಯನ್ನು ಬಾಯಲ್ಲಿ ಹಿಡಿದು ತಂದು ಅವಳ ಕೈಗೆ ಒಪ್ಪಿಸಬೇಕು, ಅವಳು ಇನ್ನೊಂದು ತುಂಡು ಅಡಗಿಸಬೇಕು. ಆಮೇಲೆ ಹೆಸರುಗಳು. ಟೊಪಗಿ ತಾ. ಕಣ್ಣಿನ ಚಾಳೀಸು ತಾ. ಎಡಗಾಲಿನ ಚಪ್ಪಲಿ ತಾ. ಕೂಡು ಎಂದರೆ ಕೂಡುತ್ತಿರಲಿಲ್ಲ, ಅದಕ್ಕೆ ಸಾಹೇಬರ ಇಂಗ್ಲಿಷ್ ಬೇಕು. ತರುವುದೆಲ್ಲ ಕನ್ನಡದಲ್ಲಿ. ವಾಡೆಯ ಮಾಲಕರ ಬೆಕ್ಕಿಗೆ ಬೊಗಳಬೇಡ ಎನ್ನುವುದು ಮಾತ್ರ ಮರಾಠಿಯಲ್ಲಿ. ಬರಬರುತ್ತ ಅವ್ವ ಕೂಡ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡತೊಡಗಿದಳು, ನೋಡಿಲ್ಲ ಎನ್ನುವ ಮುಖ ಮಾಡಿಕೊಂಡು. ಜಾಕ್ಯಾನ ಕಾಲಿನ ಹುಣ್ಣು ಮಾಯಿತು. ಆ ದಿನಗಳಲ್ಲಿ ವೇಣುವಿನ ಮುಖದಲ್ಲೂ ಕಳೆ ಇತ್ತು.

ನನ್ನ ಪಾಲಿನ ಕೆಲಸ ಸರಳ. ಆಫೀಸಿನಿಂದ ಬಂದು ಒಂದು ತಾಸು ನಾಯಿಯನ್ನು ಓಡಾಡಿಸುವುದು. ಬಂದ ಮೇಲೆ ವೇಣುಗೆ ವರದಿ ಒಪ್ಪಿಸುವುದು.

"ಎಲ್ಲಿಗೆ ಹೋಗಿದ್ರಿ?" ಎಂದೇ ಶುರು. ಆಮೇಲೆ ಯಾರು ಸಿಕ್ಕರು, ಕಾಲುವೆಯಲ್ಲಿ ನೀರು ಎಷ್ಟಿತ್ತು, ಜಾಕ್ಯಾ ಯಾರನ್ನು ಅಟ್ಟಿಸಿಕೊಂಡು ಹೋದ, ಎಲ್ಲ ಬೇಕು. ಕಣ್ಣು ಮುಚ್ಚಿಕೊಂಡು ಕೇಳುವಳು. ಆ ಒಂದು ತಾಸೇ ಅವಳ ತಿರುಗಾಟ ಎಂದು ನನಗೆ ತಿಳಿದಿತ್ತು. ತಿಳಿದೂ ನಾನು ಮಾಡಿದ್ದನ್ನು ಈಗ ಬರೆಯಬೇಕಾಗಿದೆ.

ಒಂದು ದಿನ ಥಂಡಿ ಬಹಳ. ಕಾಲು ನೋಯುತ್ತಿತ್ತು. ಓಣಿಯ ತಿರುವಿನ ಚಹಾದ ಅಂಗಡಿಯಲ್ಲಿ ನಾಲ್ಕು ಮಂದಿ ಪೇಪರ್ ಹಿಡಿದು ಯುದ್ಧದ ಸುದ್ದಿ ಓದುತ್ತಿದ್ದರು. ಜಾಕ್ಯಾನನ್ನು ಕಂಬಕ್ಕೆ ಕಟ್ಟಿ ಕೂತೆ. ಒಂದು ತಾಸು ಕಳೆದದ್ದೇ ತಿಳಿಯಲಿಲ್ಲ. ಅಲ್ಲಿ ಯಾರಿಗೂ ಜಡ್ಡು ಇರಲಿಲ್ಲ, ಯಾರೂ ಮಾತು ಇಳಿಸಿ ಆಡುತ್ತಿರಲಿಲ್ಲ. ಮನೆಗೆ ಬಂದು, ಪರ್ವತಿಯ ಬುಡದ ತನಕ ಹೋಗಿದ್ದೆವು ಎಂದೆ. ಬರೀ ಅಷ್ಟೇ ಹೇಳಿದರೆ ಸಾಲದು ಎಂದು, ಅಲ್ಲಿ ಬಾರಿಹಣ್ಣು ಮಾರುವ ಮುದುಕಿಯೊಬ್ಬಳು, ಅವಳ ಹತ್ತಿರ ಒಂದೇ ಕಿವಿಯ ಆಡು, ಅದನ್ನು ಕಂಡು ಜಾಕ್ಯಾ ಹೆದರಿ ನನ್ನ ಕಾಲಲ್ಲಿ ಸೇರಿಕೊಂಡ ಎಂದು ಸೇರಿಸಿದೆ.

ವೇಣು ನಕ್ಕಳು. ಎಷ್ಟೋ ದಿನದ ಮೇಲೆ ಹಾಗೆ ನಕ್ಕದ್ದು.

ಮುಗಿಯಿತು. ವಾರದಲ್ಲಿ ಎರಡು ದಿನ ಚಹಾದ ಅಂಗಡಿ ಎಂದದ್ದು ನಾಲ್ಕು ದಿನಕ್ಕೆ ಹೋಯಿತು. ಆಡಿನ ಸುದ್ದಿ ದಿನದಿಂದ ದಿನಕ್ಕೆ ಬೆಳೆಯಿತು. ಅದಕ್ಕೆ ಎರಡು ಮರಿ ಹುಟ್ಟಿದವು. ಹಂಗಾಮು ಬದಲಾದ ಹಾಗೆ ಮುದುಕಿಯ ಬುಟ್ಟಿಯಲ್ಲಿ ಹಣ್ಣನ್ನೂ ಬದಲಾಯಿಸಿದೆ. ಅಷ್ಟು ಎಚ್ಚರ ಆಫೀಸಿನಲ್ಲಿ ಇಟ್ಟಿದ್ದರೆ ಎಂದೋ ಹೆಡ್ ಕ್ಲಾರ್ಕ್ ಆಗುತ್ತಿದ್ದೆ. ಬಾಗಿಲಲ್ಲಿ ಹೇಗೂ ನಾಯಿಯ ಕಾಲು ತೊಳೆಯುವ ಪದ್ಧತಿ. ಧೂಳು ಇತ್ತೋ ಇಲ್ಲವೋ ಯಾರಿಗೆ ಗೊತ್ತಾಗಬೇಕು? ಕೆಲವು ಸಲ ಒಳಗೆ ಬಂದ ಕೂಡಲೇ ಜಾಕ್ಯಾ ಗೂಟದ ಹಗ್ಗ ಎಳೆದು ತಂದು ವೇಣುವಿನ ಹಾಸಿಗೆಯ ಮೇಲೆ ಇಡುತ್ತಿದ್ದ. ಅವಳು ಕಲಿಸಿದ ಆಟಗಳಲ್ಲಿ ಅದೂ ಒಂದು ಎಂದು ನಾನು ತಿಳಿದಿದ್ದೆ.

ಮಳೆಗಾಲ ಬಂತು. ವೇಣುವಿನ ಪಾದ ಬಾತವು. ಬೆರಳು ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಆಮೇಲೆ ಹೊಟ್ಟೆ. ಮಲಗಿದರೆ ಉಸಿರಾಡಲು ಆಗುತ್ತಿರಲಿಲ್ಲ, ಕೂತೇ ಕಣ್ಣು ಮುಚ್ಚಬೇಕು. ದವಾಖಾನೆಗೆ ಸೇರಿಸಿದೆವು. ನೀರು ಇಳಿಸಲು ಇಂಜೆಕ್ಷನ್, ಮೂಗಿನ ಹತ್ತಿರ ಆಕ್ಸಿಜನ್. ಹನ್ನೆರಡು ದಿನ. ನೋಡಲು ಹೋದಾಗಲೆಲ್ಲ ತನ್ನ ಸುದ್ದಿ ಬಿಟ್ಟು ಜಾಕ್ಯಾನ ಸುದ್ದಿ. "ಪರಟಿ ಆಟ ಆಡಸೀರೇನು?" ಅವ್ವ ಆಡಿಸುತ್ತಿದ್ದಾಳೆ ಎಂದೆ. ಅದು ಖರೇ ಇತ್ತು. ಮಡಿ ಸೀರೆ ಮೊಣಕಾಲ ತನಕ ಎತ್ತಿಕೊಂಡು, ದೂರದಿಂದ ಕೋಲಿನಲ್ಲಿ ಪರಟಿ ನೂಕಿ ಆಡಿಸುತ್ತಿದ್ದಳು.

ಹದಿಮೂರನೇ ದಿನ ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದರು.

"ಮನೆಗೆ ಕರೆದುಕೊಂಡು ಹೋಗಿರಿ. ಏನು ಬೇಕೋ ಕೊಡಿರಿ. ಉಪ್ಪೂ ನಡೆಯುತ್ತದೆ."

ಉಪ್ಪೂ ನಡೆಯುತ್ತದೆ ಎಂದಾಗ ತಿಳಿಯಿತು.

ಮನೆಗೆ ಬಂದ ಮೂರನೇ ದಿನ. ನಾನು ಅವಳ ಬೆನ್ನಿಗೆ ದಿಂಬು ಸರಿ ಮಾಡುತ್ತಿದ್ದೆ.

"ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ," ಎಂದಳು. "ಆ ಆಡು ಸುಳ್ಳಲ್ರಿ?"

"ಯಾವ ಆಡು?"

"ಒಂದ ಕಿವೀದು. ಎರಡ ಮರಿ ಹಾಕಿದ್ದು."

ಅವಳು ನಗುತ್ತಿದ್ದಳು. ನಗುವಿಗೇ ಉಸಿರು ಸಾಲದೆ ದಿಂಬಿಗೆ ಒರಗಿದಳು.

"ನೀವು ಖರೇನ ಅಡ್ಡಾಡಿ ಬಂದ ದಿನ ಜಾಕ್ಯಾ ಬಟ್ಟಲ ತುಂಬ ನೀರ ಕುಡದು ಕಲ್ಲಿನ ಮ್ಯಾಲ ಧೊಪ್ಪಂತ ಬೀಳ್ತಾನ. ಹೋಗದ ದಿನ ಹಗ್ಗ ತಂದು ನನ್ನ ಹಾಸಗೀ ಮ್ಯಾಲ ಇಡ್ತಾನ. ಕಾಲ ತೊಳದ್ರ ಏನಾತ್ರಿ?"

"ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ರ ಆಡಿನ ಸುದ್ದಿ ನಿಂತು ಹೋಗ್ತಿತ್ತು." ನನ್ನ ಕೈ ಹಿಡಿದಳು. ಅವಳ ಬೆರಳು ತಣ್ಣಗಿದ್ದವು. "ನನಗ ನಿಮ್ಮ ಸುಳ್ಳಿನಾಗೂ ತಿರುಗ್ಯಾಡಲಿಕ್ಕೆ ಬರ್ತದ್ರಿ. ಜಾಕ್ಯಾಗ ಬರಂಗಿಲ್ಲ."

ಬೈದಿದ್ದರೆ ಛಲೋ ಆಗುತ್ತಿತ್ತು. ನಾನು ಅಂಗಳಕ್ಕೆ ಹೋಗಿ ಮುಖ ತೊಳೆದುಕೊಂಡು ಬಂದೆ. ಎರಡು ಸಲ ತೊಳೆದುಕೊಂಡೆ.

ಆಮೇಲೆ ಅವಳು ಬದುಕಿದ್ದು ಹತ್ತೊಂಬತ್ತು ದಿನ. ಆ ಹತ್ತೊಂಬತ್ತೂ ದಿನ ನಾನು ಸುಳ್ಳು ಹೇಳಲಿಲ್ಲ. ಕಾಲುವೆಯ ದಂಡೆಗೆ ಹೋದೆ, ನದಿಯ ಕಡೆ ಹೋದೆ. ಖರೇ ತಿರುಗಾಟದಲ್ಲಿ ಹೇಳುವಂಥದ್ದು ಬಹಳ ಇರುವುದಿಲ್ಲ. ಕೆಸರಿತ್ತು, ಒಂದು ಎಮ್ಮೆ ಅಡ್ಡ ನಿಂತಿತ್ತು, ಅಷ್ಟೇ. ಅವಳು ಅಷ್ಟನ್ನೇ ಕಣ್ಣು ಮುಚ್ಚಿ ಕೇಳಿದಳು. ಒಂದೇ ಒಂದು ಮಾತು ದಿನಾ ಕೇಳುತ್ತಿದ್ದಳು.

"ಪರ್ವತಿ ತುದೀ ತನಾ ಒಮ್ಮೆ ಹತ್ತಸ್ರಿ ಅದನ್ನ. ಅವತ್ತ ನನ್ನಿಂದ ಅರ್ಧಕ್ಕ ನಿಂತದ. ಪಾಪ, ಎಷ್ಟ ಸಲ ಮ್ಯಾಲ ಹೋಗಿ ತಿರಗಿ ಬಂತು!"

"ನಾಳೆ," ಎನ್ನುತ್ತಿದ್ದೆ. ಆ ಮೆಟ್ಟಿಲು ನೆನಸಿದರೇ ನನಗೆ ಸಿಟ್ಟು ಬರುತ್ತಿತ್ತು. ಅದನ್ನು ಹತ್ತಿ ಬಂದು 'ಆಯಿತು' ಎಂದುಬಿಟ್ಟರೆ ಅವಳದೂ ಆಗಿಹೋಗುತ್ತದೆ ಎಂಬ ಹುಚ್ಚು ಭಯವೂ ಇತ್ತು. ಅದನ್ನು ಅವಳಿಗೆ ಹೇಗೆ ಹೇಳುವುದು? ನಾಳೆ, ನಾಳೆ ಎಂದೆ.

ಅದು ರವಿವಾರ ಮಧ್ಯಾಹ್ನ. ಊಟವಾಗಿತ್ತು. ಮಳೆ ಬಿಟ್ಟು ಅಂಗಳದಲ್ಲಿ ಬಿಸಿಲು ಬಿದ್ದಿತ್ತು. ಸಂಜೆ ಖಂಡಿತ ಪರ್ವತಿಗೆ ಹೋಗುತ್ತೇನೆ ಎಂದಿದ್ದೆ. ಅವಳ ಕೈಯಲ್ಲಿ ಶಕ್ತಿ ಇರಲಿಲ್ಲ, ಆದರೂ ಹೊರಸಿನ ಅಂಚಿನಲ್ಲಿ ಎರಡು ಪರಟಿ ಇಟ್ಟುಕೊಂಡು ಜಾಕ್ಯಾನಿಗೆ ಆಟ ಹಚ್ಚಿದ್ದಳು. ನಾನು ಬಾಗಿಲ ಹತ್ತಿರ ಕೂತು ಚಪ್ಪಲಿಯ ಉಂಗುಟ ಹೊಲಿಯುತ್ತಿದ್ದೆ. ಜಾಕ್ಯಾ ತುಂಡು ತಿಂದು, ಪರಟಿಯನ್ನು ಬಾಯಲ್ಲಿ ಹಿಡಿದು ಅವಳ ಹತ್ತಿರ ಹೋಗಿ ನಿಂತ.

ಅವಳು ಕೈ ಚಾಚಲಿಲ್ಲ.

ಅದು ಹಾಗೇ ನಿಂತಿತ್ತು, ಪರಟಿ ಹಿಡಿದುಕೊಂಡು. ನಾನು ತಲೆ ಎತ್ತಿ ನೋಡಿದ್ದು ಆ ಸುಮ್ಮನಿರುವಿಕೆಗೆ.

ಬಂದವರೆಲ್ಲ "ಮುತ್ತೈದೆಯಾಗಿ ಹೋದಳು, ಪುಣ್ಯವಂತೆ" ಎಂದರು. ಇಪ್ಪತ್ತೇಳು ವರ್ಷಕ್ಕೆ ಸತ್ತವಳ ಪುಣ್ಯ ಎಂಥದ್ದು ಎಂದು ಕೇಳಬೇಕೆನಿಸಿತು. ಹೊರಸು ತೆಗೆದು ಅವಳ ಜಾಗ ಸಾರಿಸಿದರು. ಸೂತಕದ ದಿನ, ಹೊರಗೆ ಹೋಗುವ ಹಾಗಿಲ್ಲ. ಜಾಕ್ಯಾ ದಿನಾ ಸಂಜೆ ಗೂಟದ ಹಗ್ಗ ಎಳೆದು ತಂದು, ನಾನು ಎದುರಿಗೇ ಕೂತಿದ್ದರೂ, ನನಗೆ ಕೊಡದೆ ಆ ಖಾಲಿ ಜಾಗದಲ್ಲಿ ಇಡುತ್ತಿದ್ದ. ಇಟ್ಟು, ಪಕ್ಕಕ್ಕೆ ಕೂತು ಕಾಯುತ್ತಿದ್ದ.

ಹತ್ತನೇ ದಿನ ನದಿಯ ಘಾಟಿನಲ್ಲಿ ಪಿಂಡ ಇಟ್ಟೆವು. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಸತ್ತವರ ಆಸೆ ಏನೋ ಉಳಿದಿದೆ ಎಂದು ಅರ್ಥ. ಉಳಿದವರು ಒಬ್ಬೊಬ್ಬರಾಗಿ 'ಅದನ್ನು ನಾವು ನಡೆಸುತ್ತೇವೆ' ಎಂದು ಮಾತು ಕೊಡಬೇಕು. ಪಕ್ಕದ ಮನೆತನದವರ ಪಿಂಡಕ್ಕೆ ಕಾಗೆಗಳು ಮುಗಿಬಿದ್ದಿದ್ದವು. ನಮ್ಮದರ ಹತ್ತಿರ ಒಂದೂ ಇಳಿಯಲಿಲ್ಲ. ಧಾರವಾಡದಿಂದ ಬಂದಿದ್ದ ಅವಳ ತಮ್ಮ ವಾಸು ಕೈ ಜೋಡಿಸಿದ. "ಅಕ್ಕಾ, ಭಾವನ್ನ ಒಬ್ಬನ್ನ ಬಿಡಂಗಿಲ್ಲ, ನಾವ ನೋಡ್ಕೋತೀವಿ." ಕಾಗೆ ಬರಲಿಲ್ಲ. ನಾನೂ ಕೈ ಜೋಡಿಸಿದೆ. "ಜಾಕ್ಯಾನ್ನ ನೋಡ್ಕೋತೀನಿ." ಜಾಕ್ಯಾ ಯಾರು ಎಂದು ಭಟ್ಟರು ವಾಸುವನ್ನು ಕೇಳಿದರು. ನಾಯಿ ಎಂದು ತಿಳಿದು ಯಾರೋ ಹಿಂದೆ ಗುಸುಗುಸು ಮಾಡಿದರು. ಕಾಗೆ ಬರಲಿಲ್ಲ.

ಯಾವ ಮಾತು ಬೇಕಾಗಿದೆ ಎಂದು ನನಗೆ ಗೊತ್ತಿತ್ತು. ಆದರೆ ಆ ಮಾತನ್ನು ಅವಳಿಗೆ ಹತ್ತೊಂಬತ್ತು ದಿನ ಕೊಟ್ಟಿದ್ದೆ. ಪಿಂಡದ ಎದುರು ನಿಂತು ಇಪ್ಪತ್ತನೇ ಸಲ 'ಹತ್ತಿಸುತ್ತೇನೆ' ಎನ್ನಲು ನಾಲಿಗೆ ಏಳಲಿಲ್ಲ. ಬಿಸಿಲು ಏರಿತು. ಭಟ್ಟರು ದರ್ಭೆಯಿಂದ ಕಾಗೆ ಮಾಡಿ ಮುಟ್ಟಿಸಿ ಮುಗಿಸಿದರು.

ಮನೆಗೆ ಬಂದಾಗ ಅವ್ವ ಕೇಳಿದ್ದು ಅದನ್ನೇ.

"ಕಾಗಿ ಮುಟ್ಟಿತೇನೋ?"

"ಇಲ್ಲವ್ವಾ."

ಅವ್ವ ಗೋಡೆ ಹಿಡಿದು ಕೂತಳು. "ಏನೋ ಮನಸ್ಸಿನ್ಯಾಗ ಇಟ್ಟಕೊಂಡು ಹೋತು ನನ್ನ ಕೂಸು" ಎಂದು ಅತ್ತಳು. ಸೊಸೆಯನ್ನು ಕೂಸು ಎಂದದ್ದು ನಾನು ಕೇಳಿದ್ದು ಅದೇ ಮೊದಲು.

ಈಗ ಮೂರು ತಿಂಗಳಾಗಿದೆ. ನಾನೂ ಜಾಕ್ಯಾನೂ ದಿನಾ ಹೊರಗೆ ಹೋಗುತ್ತೇವೆ. ನನ್ನ ಕಾಲು ಗಟ್ಟಿಯಾಗಿವೆ. ಹಸಿವೆಯಾಗುತ್ತದೆ, ನಿದ್ದೆ ಬರುತ್ತದೆ. ಅದಕ್ಕೆ ನಾಚಿಕೆಯೂ ಆಗುತ್ತದೆ, ಜಾಕ್ಯಾನ ಉಪಕಾರ ಎಂದೂ ಅನಿಸುತ್ತದೆ. ಚಹಾದ ಅಂಗಡಿಯವ ಕೈ ಮಾಡಿ ಕರೆಯುತ್ತಾನೆ, ನಾನು ನಿಲ್ಲುವುದಿಲ್ಲ. ಆದರೆ ಇದೆಲ್ಲ ಶುರುವಾದ ದಿನದ್ದು ಹೇಳದೆ ಬಿಟ್ಟರೆ ಸರಿಯಲ್ಲ.

ಹದಿಮೂರನೇ ದಿನ ಮುಗಿದು ಮಂದಿ ಊರಿಗೆ ಹೋದರು. ಮರುದಿನ ಸಂಜೆ ಜಾಕ್ಯಾ ಹಗ್ಗ ತಂದು ಅವಳ ಜಾಗದಲ್ಲಿ ಇಟ್ಟ. ನಾನು ಎದ್ದು ಅದನ್ನು ಎತ್ತಿಕೊಂಡೆ. ಭಕ್ಕರಿಯ ಎರಡು ತುಂಡು ಕಿಸೆಗೆ ಹಾಕಿಕೊಂಡೆ. ನೇರ ಪರ್ವತಿಗೆ ನಡೆದೆವು. ಬುಡದಲ್ಲಿ ಮುದುಕಿ ಇರಲಿಲ್ಲ, ಆಡು ಇರಲಿಲ್ಲ. ಇಲ್ಲ ಎಂದು ಗೊತ್ತಿದ್ದೂ ಆ ಕಡೆ ಈ ಕಡೆ ನೋಡಿದೆ.

ಅವಳು ಕೂತ ಮೆಟ್ಟಿಲು ನನಗೆ ಗುರುತು ಸಿಗಲಿಲ್ಲ. ಜಾಕ್ಯಾನಿಗೆ ಸಿಕ್ಕಿತು. ಅಲ್ಲಿ ನಿಂತು ಕಲ್ಲು ಮೂಸಿದ, ಕೂತುಬಿಟ್ಟ. ನಾನೂ ಕೂತೆ. ಇಳಿಯುವವರು ಹತ್ತುವವರು ನೋಡುತ್ತಿದ್ದರು. ನೋಡಲಿ ಎಂದು ಅತ್ತೆ. ಆಮೇಲೆ ಎದ್ದು, "ನಡೀ" ಎಂದೆ. ಅದು ಹತ್ತು ಮೆಟ್ಟಿಲು ಓಡಿ ತಿರುಗಿ ನೋಡಿತು. ನಾನು ಬರುತ್ತಿದ್ದೇನೆ ಎಂದು ಕಂಡು ಮತ್ತೆ ಹತ್ತು ಓಡಿತು. ಈ ಸಲ ಇಳಿದು ಬರಲಿಲ್ಲ.

ತುದಿಯಲ್ಲಿ, ಗುಡಿಯಿಂದ ದೂರ, ಒಂದು ಮೋಟು ಗೋಡೆ ಇದೆ. ತಲೆಯೂ ದಣಿಯಲಿ ಎಂದು ಜಾಕ್ಯಾನ ಮುಖ ಆ ಕಡೆ ತಿರುಗಿಸಿ, ಭಕ್ಕರಿಯ ತುಂಡು ಗೋಡೆಯ ಸಂದಿಯಲ್ಲಿ ಇಟ್ಟೆ. 'ಹುಡುಕು' ಎನ್ನುವುದರೊಳಗೆ ಒಂದು ಕಾಗೆ ಬಂತು. ನನ್ನ ಮೊಣಕೈಯ ಹತ್ತಿರವೇ ಕೂತು, ತುಂಡು ಕಚ್ಚಿಕೊಂಡು ಹಾರಿಹೋಯಿತು.

ಪರ್ವತಿಯ ಮೇಲೆ ಕಾಗೆಗಳಿಗೇನು ಕಡಿಮೆ? ಯಾವಾಗಲೂ ಇರುತ್ತವೆ. ಅಷ್ಟು ತಿಳಿಯದ ಹುಂಬ ನಾನಲ್ಲ. ಆದರೂ ಬಹಳ ಹೊತ್ತು ಗೋಡೆ ಹಿಡಿದು ನಿಂತಿದ್ದೆ. ಜಾಕ್ಯಾ ಸಂದಿಯಲ್ಲಿ ಮೂಗಿಟ್ಟು ಹುಡುಕಿ, ಏನೂ ಸಿಗದೆ, ನನ್ನ ಮುಖ ನೋಡಿದ. ಕಿಸೆಯಲ್ಲಿದ್ದ ಎರಡನೇ ತುಂಡು ಅಡಗಿಸಿಟ್ಟೆ.

ಮನೆಗೆ ಬಂದಾಗ ಅವ್ವ ತಂಬಿಗೆ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು. ನಾನು ಬಗ್ಗುವುದರೊಳಗೆ ತಾನೇ ಬಗ್ಗಿ ನಾಯಿಯ ಕಾಲಿಗೆ ನೀರು ಹಾಕಿದಳು. ಕೆಂಪು ಮಣ್ಣು ಹರಿದು ಅಂಗಳಕ್ಕೆ ಹೋಯಿತು.

"ಎಲ್ಲಿಗೆ ಹೋಗಿದ್ರಿ?" ಎಂದಳು.

ನಮ್ಮಿಬ್ಬರನ್ನೂ ಸೇರಿಸಿ ಹಾಗೆ ಕೇಳುತ್ತಿದ್ದವಳು ವೇಣು ಒಬ್ಬಳೇ.

"ಪರ್ವತಿಗೆ, ಅವ್ವಾ. ತುದೀ ತನಾ."

ಜಾಕ್ಯಾ ಬಟ್ಟಲು ನೀರು ಪೂರ್ತಿ ಕುಡಿದ. ಅವಳ ಜಾಗದ ಕಲ್ಲಿನ ಮೇಲೆ ಧೊಪ್ಪನೆ ಬಿದ್ದು ಕಣ್ಣು ಮುಚ್ಚಿದ. ಊಟ ಮುಗಿಸಿ ಕೈ ತೊಳೆದು ಬಂದು ನೋಡಿದೆ. ಹಗ್ಗ ಗೂಟದಲ್ಲೇ ಇತ್ತು.